ಮೂರು ಜಾಂಬಿ ಸಿನಿಮಾ, ಮೂರು ಜಗಳ: ರೊಮೆರೋ ಅವರದ್ದರಲ್ಲಿ ಯಾವುದನ್ನು ಮೊದಲು ನೋಡೋದು?

"ಹಳೇ ಜಾಂಬಿ ಸಿನಿಮಾ ಒಂದು ನೋಡ್ಬೇಕು, ಯಾವುದು ಹೇಳು" ಅಂತ ಯಾರಾದರೂ ಕೇಳಿದರೆ ನನಗೆ ತಕ್ಷಣ ಉತ್ತರ ಬರುವುದಿಲ್ಲ. ನಿರ್ದೇಶಕರ ಹೆಸರು ಹೇಳುವುದು ಸುಲಭ: ಜಾರ್ಜ್ ಎ. ರೊಮೆರೋ. ಆದರೆ ಅವರವೇ ಮೂರಿವೆ. 1968ರ 'ನೈಟ್ ಆಫ್ ದಿ ಲಿವಿಂಗ್ ಡೆಡ್', 1978ರ 'ಡಾನ್ ಆಫ್ ದಿ ಡೆಡ್', 1985ರ 'ಡೇ ಆಫ್ ದಿ ಡೆಡ್'. ರಾತ್ರಿ, ಬೆಳಗಿನ ಜಾವ, ಹಗಲು. ಮುಂದೆ ಇನ್ನೂ ಮೂರು ಮಾಡಿದರು, ಅವನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ಈ ಮೂರರಲ್ಲಿ ಪಾತ್ರಗಳು ಬೇರೆ, ಜಾಗ ಬೇರೆ, ಒಂದರ ಕಥೆ ಇನ್ನೊಂದಕ್ಕೆ ಬೇಕಾಗಿಲ್ಲ. ಯಾವುದರಿಂದ ಬೇಕಾದರೂ ಶುರು ಮಾಡಬಹುದು. ಆದರೆ ತಪ್ಪು ದಿನ ತಪ್ಪು ಸಿನಿಮಾ ಹಾಕಿಕೊಂಡು, ಅರ್ಧಕ್ಕೆ ಎದ್ದು, "ಇದೇನ್ರೀ, ಇಷ್ಟೇನಾ?" ಅಂದವರನ್ನು ನಾನು ನೋಡಿದ್ದೇನೆ.

ಮೂರಕ್ಕೂ ನಿಯಮ ಒಂದೇ. ಸತ್ತವರು ಎದ್ದು ಬರುತ್ತಾರೆ. ನಿಧಾನಕ್ಕೆ ನಡೆಯುತ್ತಾರೆ. ಬದುಕಿರುವವರನ್ನು ತಿನ್ನುತ್ತಾರೆ. ತಲೆಗೆ ಪೆಟ್ಟು ಬಿದ್ದರೆ ಮಾತ್ರ ಬೀಳುತ್ತಾರೆ. ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದರೆ ಓದಿಕೊಂಡು ವಾಪಸ್ ಹೋಗುವ ನಮ್ಮೂರಿನ ದೆವ್ವದಂಥವಲ್ಲ ಇವು. ಓದುವುದಿಲ್ಲ, ಮಾತಿಲ್ಲ, ಯಾರ ಮೇಲೂ ಹಳೇ ಸೇಡಿಲ್ಲ. ಬಿರಬಿರನೆ ನಡೆದರೆ ಸಾಕು, ತಪ್ಪಿಸಿಕೊಳ್ಳಬಹುದು. ಹಾಗಿದ್ದೂ ಜನ ಸಾಯುತ್ತಾರೆ. ಯಾಕೆ ಅಂದರೆ, ಒಳಗೆ ಸೇರಿಕೊಂಡವರು ಜಗಳಕ್ಕೆ ಕೂರುತ್ತಾರೆ. ರೊಮೆರೋ ಸಿನಿಮಾ ಇರುವುದೇ ಆ ಜಗಳದಲ್ಲಿ. ಮೊದಲನೆಯದರಲ್ಲಿ ಮನೆಯ ಯಜಮಾನಿಕೆ ಯಾರದು ಅಂತ ಜಗಳ. ಎರಡನೆಯದರಲ್ಲಿ ಇದೆಲ್ಲ ನಮ್ಮದು ಅಂತ ಜಗಳ. ಮೂರನೆಯದರಲ್ಲಿ ಯಾರ ಹುಕುಂ ನಡೆಯಬೇಕು ಅಂತ. ನಿಮಗೆ ಯಾವ ಜಗಳ ನೋಡುವ ಮನಸ್ಸಿದೆ ಅಂತ ಕೇಳಿಕೊಂಡು ಆರಿಸಿದರೆ ಮೋಸ ಹೋಗುವುದಿಲ್ಲ.

1968: ಹೊಲದ ನಡುವಿನ ಮನೆ

ಅವಸರದಲ್ಲಿರುವವರಿಗೆ ನನ್ನ ಉತ್ತರ ಇಲ್ಲೇ ಇದೆ: ಇದನ್ನೇ ಮೊದಲು ನೋಡಿ. 96 ನಿಮಿಷ, ಕಪ್ಪು-ಬಿಳುಪು.

ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಜಾಹೀರಾತು ಫಿಲ್ಮು ಮಾಡಿಕೊಂಡಿದ್ದ ಒಂದಷ್ಟು ಗೆಳೆಯರು ಸೇರಿ ತೆಗೆದದ್ದು ಇದು. ಶುರುವಿನಲ್ಲಿ ಹತ್ತು ಜನ ತಲಾ 600 ಡಾಲರ್ ಹಾಕಿದರು. ಮುಗಿಯುವ ಹೊತ್ತಿಗೆ ಖರ್ಚು ಸುಮಾರು 1.14 ಲಕ್ಷ ಡಾಲರ್. ಪೆನ್ಸಿಲ್ವೇನಿಯಾದ ಇವಾನ್ಸ್ ಸಿಟಿ ಹತ್ತಿರ ಕೆಡವಲು ಬಿಟ್ಟಿದ್ದ ಹಳೇ ಮನೆಯೊಂದು ಸಿಕ್ಕಿತು. ರಕ್ತಕ್ಕೆ ಚಾಕೊಲೇಟ್ ಸಿರಪ್. ಕಪ್ಪು-ಬಿಳುಪಿನಲ್ಲಿ ಯಾರಿಗೆ ಗೊತ್ತಾಗುತ್ತದೆ, ಅಲ್ವಾ?

ಕಥೆ ಮೂರು ಸಾಲಿನದು. ಬಾರ್ಬ್ರಾ ತನ್ನ ಅಣ್ಣನ ಜೊತೆ ಅಪ್ಪನ ಸಮಾಧಿಗೆ ಹೂಚಕ್ರ ಇಡಲು ಬಂದಿದ್ದಾಳೆ. ಅಣ್ಣ ತಮಾಷೆಗೆ ಅವಳನ್ನು ಹೆದರಿಸುತ್ತಿರುವಾಗಲೇ ದೂರದಲ್ಲಿ ತೂರಾಡಿಕೊಂಡು ಬರುತ್ತಿದ್ದ ಮನುಷ್ಯ ಮೇಲೆ ಬೀಳುತ್ತಾನೆ. ಅವಳು ಓಡಿ ಆ ಮನೆ ಸೇರುತ್ತಾಳೆ, ಹಿಂದೆಯೇ ಬೆನ್ ಎಂಬುವನು ಬರುತ್ತಾನೆ.

ಇಲ್ಲಿ ಬೆನ್ ಮಾಡುವ ಕೆಲಸವನ್ನು ಗಮನವಿಟ್ಟು ನೋಡಿ. ಮನೆಯಲ್ಲಿದ್ದ ಮೇಜು ಮುರಿಯುತ್ತಾನೆ. ಬಾಗಿಲು ಕಳಚುತ್ತಾನೆ. ಹಲಗೆ ಎತ್ತಿ ಕಿಟಕಿಗೆ ಹಿಡಿದು ಒಂದೊಂದೇ ಮೊಳೆ ಹೊಡೆಯುತ್ತಾನೆ. ಹೊಡೆಯುತ್ತಲೇ, ತಾನು ಬರುವ ದಾರಿಯಲ್ಲಿ ಏನು ಕಂಡೆ ಅಂತ ಹೇಳುತ್ತಾ ಹೋಗುತ್ತಾನೆ. ಬಾರ್ಬ್ರಾ ಸೋಫಾದ ಮೇಲೆ ಕಲ್ಲಿನಂತೆ ಕೂತಿದ್ದಾಳೆ. ಈಗಿನ ಸಿನಿಮಾದಲ್ಲಾದರೆ ಇದೆಲ್ಲ ಹಿನ್ನೆಲೆ ಸಂಗೀತದೊಂದಿಗೆ ಇಪ್ಪತ್ತು ಸೆಕೆಂಡಿನಲ್ಲಿ ಮುಗಿದುಹೋಗುತ್ತಿತ್ತು. ಇಲ್ಲಿ ಪೂರ್ತಿ ನೋಡಬೇಕು. ಸುತ್ತಿಗೆ ಸದ್ದು ನಿಂತಾಗ ಆಚೆ ಏನಿದೆ ಅನ್ನುವುದು ನೆನಪಾಗಿ ಮೈ ಜುಂ ಅನ್ನುತ್ತದೆ.

ಆಮೇಲೆ ನೆಲಮಾಳಿಗೆಯ ಬಾಗಿಲು ತೆರೆದು ಹ್ಯಾರಿ ಕೂಪರ್ ಹೊರಬರುತ್ತಾನೆ. ಇಷ್ಟು ಹೊತ್ತೂ ಹೆಂಡತಿ, ಗಾಯಗೊಂಡ ಮಗಳು, ಒಬ್ಬ ಹುಡುಗ-ಹುಡುಗಿಯ ಜೊತೆ ಕೆಳಗೇ ಇದ್ದ. ಮೇಲೆ ಕಿರುಚಾಟ ಕೇಳಿದರೂ ಬಂದಿರಲಿಲ್ಲ. ಅಲ್ಲಿಂದ ಜಗಳ ಶುರು. ಹ್ಯಾರಿ ಹೇಳುವುದು: ಎಲ್ಲರೂ ಕೆಳಗಿಳಿಯೋಣ, ಒಂದೇ ಬಾಗಿಲು, ಭದ್ರ ಮಾಡಿಕೊಂಡರೆ ಸಾಕು. ಬೆನ್ ಹೇಳುವುದು: ಅದು ಬೋನು, ಅಲ್ಲಿಂದ ಓಡಲು ದಾರಿಯಿಲ್ಲ. ಬೇಕಾದರೆ ನೀನು ಕೆಳಗೆ ಯಜಮಾನನಾಗಿರು, ಮೇಲೆ ನಾನು ಅನ್ನುವಲ್ಲಿಗೆ ಮಾತು ಬಂದು ನಿಲ್ಲುತ್ತದೆ.

ಬೆನ್ ಪಾತ್ರ ಮಾಡಿದ ಡುವೇನ್ ಜೋನ್ಸ್ ಕಪ್ಪು ಜನಾಂಗದವರು. ಹ್ಯಾರಿ ಬಿಳಿಯ. 1968ರ ಅಮೆರಿಕ. ಆದರೆ ಇಡೀ ಸಿನಿಮಾದಲ್ಲಿ ಬೆನ್‌ನ ಬಣ್ಣದ ಬಗ್ಗೆ ಒಬ್ಬರೂ ಒಂದು ಮಾತೂ ಆಡುವುದಿಲ್ಲ. ಪಾತ್ರಕ್ಕೆ ಪರೀಕ್ಷೆ ಕೊಟ್ಟವರಲ್ಲಿ ಜೋನ್ಸ್ ಎಲ್ಲರಿಗಿಂತ ಚೆನ್ನಾಗಿ ಮಾಡಿದರು, ಅದಕ್ಕೇ ತೆಗೆದುಕೊಂಡೆವು, ಬಣ್ಣ ನೋಡಿ ಬರೆದ ಪಾತ್ರವಲ್ಲ ಅಂತ ರೊಮೆರೋ ಹೇಳುತ್ತಿದ್ದರು. ಒರಟು ಮಾತಿನ ಲಾರಿ ಡ್ರೈವರ್ ಆಗಿದ್ದ ಬೆನ್‌ನ ಸಂಭಾಷಣೆಯನ್ನು ಜೋನ್ಸ್ ತಾವೇ ತಿದ್ದಿಕೊಂಡರು. ನನಗೆ ಈ ಸಿನಿಮಾ ಮೂರರಲ್ಲಿ ಮೇಲು ಅನ್ನಿಸುವುದು ಇದೇ ಕಾರಣಕ್ಕೆ. ಯಾರೂ ಭಾಷಣ ಮಾಡುವುದಿಲ್ಲ. ಹ್ಯಾರಿ ಬಂದೂಕಿನ ಕಡೆ ನೋಡುವ ರೀತಿಯಲ್ಲೇ ಎಲ್ಲ ಇದೆ.

ನಮ್ಮಪ್ಪನ ಜೊತೆ ಕೂತು ನೋಡಿದಾಗ ಅವರು ಮುಗಿದ ಕೂಡಲೇ ಹೇಳಿದ್ದು ಒಂದೇ ಮಾತು: "ಆ ಬೋಳು ತಲೆಯವನು ಹೇಳಿದ್ದೇ ಸರಿ ಇತ್ತಲ್ಲೋ." ಹೌದು. ಅದೇ ಈ ಸಿನಿಮಾದ ಕುತಂತ್ರ. ಹ್ಯಾರಿ ಹೇಡಿ, ಸಿಡುಕ, ಸ್ವಾರ್ಥಿ. ಆದರೆ ನೆಲಮಾಳಿಗೆಯ ಮಟ್ಟಿಗೆ ಅವನ ಲೆಕ್ಕ ತಪ್ಪಿರಲಿಲ್ಲ. ನಮಗೆ ಬೆನ್ ಇಷ್ಟವಾಗಿದ್ದರಿಂದ ಅವನ ಮಾತೇ ಸರಿ ಅಂದುಕೊಂಡಿರುತ್ತೇವೆ. ಆ ರಾತ್ರಿ ನಮ್ಮ ಮನೆಯಲ್ಲೂ ಇದರ ಮೇಲೆ ಒಂದು ಗಂಟೆ ಜಗಳ ನಡೆಯಿತು.

(ಮುಂದಿನ ಪ್ಯಾರಾದಲ್ಲಿ ಸಿನಿಮಾದ ಕೊನೆ ಇದೆ. ನೋಡಿಲ್ಲದವರು ದಾಟಿಕೊಂಡು ಹೋಗಿ.)

ಬೆನ್ ಕೊನೆಗೆ ಬದುಕಿ ಉಳಿಯುವುದು ಅದೇ ನೆಲಮಾಳಿಗೆಯಲ್ಲಿ, ಒಬ್ಬನೇ. ಬೆಳಗಾಗುತ್ತದೆ. ನಾಯಿ, ಬಂದೂಕು ಹಿಡಿದ ಊರವರ ಗುಂಪು ಷರೀಫನ ಜೊತೆ ಹೊಲ ದಾಟಿ ಬರುತ್ತದೆ, ಬೇಟೆಗೆ ಹೊರಟವರ ಹಾಗೆ. ಸದ್ದು ಕೇಳಿ ಬೆನ್ ಮೇಲೆ ಬಂದು ಕಿಟಕಿಯಲ್ಲಿ ಇಣುಕುತ್ತಾನೆ. ಹೊರಗಿದ್ದವನೊಬ್ಬ ಗುರಿಯಿಟ್ಟು ಹೊಡೆದುಬಿಡುತ್ತಾನೆ. ಯಾರು, ಏನು ಅಂತ ಯಾರೂ ಕೇಳುವುದಿಲ್ಲ. ಆಮೇಲೆ ಸಿನಿಮಾ ಚಲಿಸುವುದೇ ನಿಲ್ಲುತ್ತದೆ. ಪೇಪರಿನಲ್ಲಿ ಬರುವಂಥ ಒರಟು ಫೋಟೋಗಳು ಒಂದರ ಹಿಂದೊಂದು: ಮಾಂಸದಂಗಡಿಯ ಕೊಕ್ಕೆ, ಹೆಣ ಎಳೆಯುವ ಕೈಗಳು, ಸೌದೆಯ ರಾಶಿ. ಸಿನಿಮಾ ಮುಗಿಸಿ ಪ್ರಿಂಟನ್ನು ಕಾರಿನಲ್ಲಿ ಹಾಕಿಕೊಂಡು ನ್ಯೂಯಾರ್ಕಿಗೆ ಹೋಗುವಾಗ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿದ್ದಾಗಿ ರೊಮೆರೋ ಹೇಳಿಕೊಂಡಿದ್ದಾರೆ. ಕಿಂಗ್ ಅವರನ್ನು ಕೊಂದಿದ್ದು 1968ರ ಏಪ್ರಿಲ್ 4ರಂದು. ಸಿನಿಮಾ ತೆರೆ ಕಂಡಿದ್ದು ಅಕ್ಟೋಬರ್ 1ರಂದು. ಆ ಫೋಟೋಗಳನ್ನು ಆ ವರ್ಷದ ಪ್ರೇಕ್ಷಕರು ಸುಮ್ನೆ ದೆವ್ವದ ಕಥೆ ಅಂತ ನೋಡಿರಲು ಸಾಧ್ಯವಿಲ್ಲ.

ಇನ್ನೊಂದು ಸಣ್ಣ ವಿಷಯ. ಈ ಸಿನಿಮಾದಲ್ಲಿ 'ಜಾಂಬಿ' ಅನ್ನುವ ಪದವೇ ಬರುವುದಿಲ್ಲ. 'ಗೂಲ್' ಅನ್ನುತ್ತಾರೆ, ಅಂದರೆ ಹೆಣ ತಿನ್ನುವ ಪಿಶಾಚಿ. ಅಲ್ಲಿಯವರೆಗೆ ಜಾಂಬಿ ಅಂದರೆ ಹೈಟಿ ದೇಶದ್ದು: ಮಂತ್ರವಾದಿ ಎಬ್ಬಿಸಿ ಕಬ್ಬಿನ ಗದ್ದೆಯಲ್ಲಿ ದುಡಿಸಿಕೊಳ್ಳುವ ಹೆಣ, ಅಂದರೆ ಸತ್ತರೂ ಬಿಡುಗಡೆಯಿಲ್ಲದ ಗುಲಾಮ. ರೊಮೆರೋ ಅದರಿಂದ ಮಂತ್ರವಾದಿಯನ್ನು ತೆಗೆದುಹಾಕಿದರು. ಧಣಿಯೇ ಇಲ್ಲದ ಮೇಲೆ ಯಾರನ್ನು ಹಿಡಿದು ನಿಲ್ಲಿಸುತ್ತೀರಿ?

ಯಾವ ಪ್ರಿಂಟ್ ನೋಡಬೇಕು

ಇದು ಸಿನಿಮಾದಷ್ಟೇ ಮುಖ್ಯ, ದಯವಿಟ್ಟು ಓದಿ. ಇದರ ಮೊದಲ ಹೆಸರು 'ನೈಟ್ ಆಫ್ ದಿ ಫ್ಲೆಶ್ ಈಟರ್ಸ್'. ವಿತರಕರು ಹೆಸರು ಬದಲಾಯಿಸಿದಾಗ, ಹಳೇ ಟೈಟಲ್ ಕಾರ್ಡಿನ ಜೊತೆಗೆ ಅದರಲ್ಲಿದ್ದ ಕಾಪಿರೈಟ್ ಸೂಚನೆಯೂ ಹೋಯಿತು. ಹೊಸ ಕಾರ್ಡಿನಲ್ಲಿ ಹಾಕಲು ಮರೆತರು. ಆಗಿನ ಅಮೆರಿಕದ ಕಾನೂನಿನ ಪ್ರಕಾರ ಸೂಚನೆ ಇಲ್ಲದಿದ್ದರೆ ಹಕ್ಕೂ ಇಲ್ಲ. ಸಿನಿಮಾ ಸಾರ್ವಜನಿಕರ ಸ್ವತ್ತಾಯಿತು. ಯಾರು ಬೇಕಾದರೂ ಕಾಪಿ ಮಾಡಿ ಮಾರಿದರು. ರೊಮೆರೋ ಮತ್ತು ಗೆಳೆಯರಿಗೆ ಸಿಗಬೇಕಾದ ದುಡ್ಡು ಸಿಗಲಿಲ್ಲ. ನಮಗೆ ಆದದ್ದು ಏನೆಂದರೆ, ಇಂಟರ್ನೆಟ್ಟಿನಲ್ಲಿ ಇದು ಫ್ರೀಯಾಗಿ, ನ್ಯಾಯವಾಗಿಯೇ ಸಿಗುತ್ತದೆ. ಆದರೆ ಕಾಪಿಯ ಕಾಪಿಯ ಕಾಪಿ.

ನಾನು ಮೊದಲ ಸಲ ನೋಡಿದ್ದು ಬಣ್ಣ ಬಳಿದ ಕಾಪಿ. ಹುಲ್ಲು ಪ್ಲಾಸ್ಟಿಕ್ ಹಸಿರು, ಎಲ್ಲರ ಮುಖವೂ ಗುಲಾಬಿ. ನಗು ಬಂತು, ಅರ್ಧಕ್ಕೆ ನಿಲ್ಲಿಸಿದೆ. ಎರಡು ವರ್ಷದ ನಂತರ ಸರಿಯಾದ ಪ್ರಿಂಟ್ ನೋಡಿದಾಗ ಅದೇ ಸಿನಿಮಾ ಅಂತ ನಂಬಲು ಆಗಲಿಲ್ಲ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಮತ್ತು ಫಿಲ್ಮ್ ಫೌಂಡೇಶನ್ ಸೇರಿ ಮೂಲ ನೆಗೆಟಿವ್‌ನಿಂದ ಸರಿಪಡಿಸಿದ 4ಕೆ ಪ್ರಿಂಟ್ 2016ರಲ್ಲಿ ಬಂತು. ಒಳ್ಳೇ ಸಿನಿಮಾಗಳ ಡಿಸ್ಕ್ ತರುವ ಕ್ರೈಟೀರಿಯನ್ ಕಂಪನಿ 2018ರಲ್ಲಿ ತಂದದ್ದು ಅದನ್ನೇ. ಅದು ಸಿಕ್ಕರೆ ಅದನ್ನೇ ನೋಡಿ. ಸಿಗದಿದ್ದರೆ ಕಪ್ಪು-ಬಿಳುಪಿನ ಬೇರೆ ಯಾವುದಾದರೂ ಪರವಾಗಿಲ್ಲ. ಬಣ್ಣದ್ದು ಬೇಡ. '30ನೇ ವರ್ಷದ ವಿಶೇಷ ಆವೃತ್ತಿ' ಅಂತ ಇದ್ದರೆ ಮುಟ್ಟಲೇಬೇಡಿ: ಅದರಲ್ಲಿ ಹೊಸದಾಗಿ ಶೂಟಿಂಗ್ ಮಾಡಿದ ದೃಶ್ಯಗಳನ್ನು, ಹೊಸ ಸಂಗೀತವನ್ನು ತುರುಕಿದ್ದಾರೆ. ಹಳೇ ಮನೆಗೆ ಹೊಸ ಟೈಲ್ಸ್ ಹಾಕಿದ ಹಾಗೆ.

1978: ಮಾಲ್

ಫ್ರೆಂಡ್ಸ್ ಎಲ್ಲ ಸೇರಿದ್ದೀರಿ, ಕಪ್ಪು-ಬಿಳುಪು ಅಂದರೆ ಮುಖ ಸಿಂಡರಿಸುತ್ತಾರೆ, ನಗುವೂ ಬೇಕು, ರಕ್ತವೂ ಬೇಕು. ಹಾಗಾದರೆ 'ಡಾನ್'. ನೋಡಿದವರಲ್ಲಿ ಜಾಸ್ತಿ ಜನ ಇದನ್ನೇ ಮೂರರಲ್ಲಿ ಮೊದಲಿಡುತ್ತಾರೆ. ನಾನು ಇಡುವುದಿಲ್ಲ, ಆದರೆ ಜಗಳಕ್ಕೂ ಹೋಗುವುದಿಲ್ಲ.

ಟೀವಿ ಸ್ಟೇಶನ್ನಿನಲ್ಲಿ ಕೆಲಸ ಮಾಡುವ ಫ್ರಾನ್, ಅವಳ ಗೆಳೆಯ ಸ್ಟೀಫನ್, ಪೊಲೀಸ್ ಪಡೆಯ ಪೀಟರ್ ಮತ್ತು ರೋಜರ್. ನಾಲ್ವರೂ ಹೆಲಿಕಾಪ್ಟರ್ ಹತ್ತಿ ಓಡಿ ಒಂದು ಶಾಪಿಂಗ್ ಮಾಲ್ ಮೇಲೆ ಇಳಿಯುತ್ತಾರೆ. ಕೆಳಗೆ ಹೆಣಗಳು ಎಸ್ಕಲೇಟರ್ ಮೇಲೆ ಜಾರುತ್ತಿವೆ, ಕಾರಂಜಿಗೆ ಬೀಳುತ್ತಿವೆ, ಮುಚ್ಚಿದ ಅಂಗಡಿಯ ಗಾಜಿಗೆ ಮೂಗು ಒತ್ತಿ ನಿಂತಿವೆ. ಇವೆಲ್ಲ ಇಲ್ಲಿಗೇ ಯಾಕೆ ಬಂದಿವೆ ಅಂತ ಫ್ರಾನ್ ಕೇಳುತ್ತಾಳೆ. ಹಳೇ ಅಭ್ಯಾಸ, ಇದು ಅವರಿಗೆ ಮುಖ್ಯವಾದ ಜಾಗವಾಗಿತ್ತು ಅಂತ ಸ್ಟೀಫನ್ ಹೇಳುತ್ತಾನೆ.

ಮಾಲ್ ಸೆಟ್ ಅಲ್ಲ, ನಿಜವಾದದ್ದು. ಪಿಟ್ಸ್‌ಬರ್ಗ್ ಹತ್ತಿರದ ಮನ್ರೋವಿಲ್ ಮಾಲ್, 1969ರಲ್ಲಿ ಶುರುವಾದದ್ದು. 1977-78ರ ಚಳಿಗಾಲದಲ್ಲಿ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಶೂಟಿಂಗ್, ಬೆಳಗ್ಗೆ ತೆರೆಯುವ ಮೊದಲು ಎಲ್ಲ ಒರೆಸಿ ಜಾಗ ಖಾಲಿ ಮಾಡಬೇಕು. ಕ್ರಿಸ್‌ಮಸ್ ಅಲಂಕಾರ ಕಟ್ಟಿದಾಗ ಶೂಟಿಂಗ್ ನಿಲ್ಲಿಸಿ ಕಾದರು. ಆಗ ಇಂಥ ಮಾಲ್ ಅಮೆರಿಕದವರಿಗೂ ಇನ್ನೂ ಹೊಸತು ಅನ್ನುವುದು ನೆನಪಿರಲಿ. ಭಾನುವಾರ ಸಂಜೆ ಏನೂ ಕೊಳ್ಳುವುದಿಲ್ಲದಿದ್ದರೂ ಮಾಲಿಗೆ ಹೋಗಿ ಮೂರು ಸುತ್ತು ಹಾಕಿ ಬರುವ ಬೆಂಗಳೂರಿಗರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ. ಹೆಣಗಳ ಗುಂಪಿನಲ್ಲಿ ಕಾವಿ ಉಟ್ಟ ಹರೇ ಕೃಷ್ಣ ಭಕ್ತನೊಬ್ಬನಿದ್ದಾನೆ, ಹುಡುಕಿ. ಲೌಕಿಕ ಬಿಟ್ಟವನೂ ಮಾಲ್ ಬಿಡಲಿಲ್ಲ.

ಆದರೆ ಜನ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸುತ್ತಾರೆ: ಜಾಂಬಿ ಅಂದರೆ ಗ್ರಾಹಕ, ಅಷ್ಟೇ. ನನಗೆ ಅದು ಸಿನಿಮಾದ ಸುಲಭದ ಅರ್ಧ. ಕಷ್ಟದ ಅರ್ಧ ನಾಲ್ವರೂ ಮಾಲ್ ಗೆದ್ದ ಮೇಲೆ ಬರುತ್ತದೆ. ಬಾಗಿಲಿಗೆ ಟ್ರಕ್ ಅಡ್ಡ ನಿಲ್ಲಿಸಿ, ಒಳಗಿದ್ದ ಹೆಣಗಳನ್ನು ಮುಗಿಸಿ, ಎಲ್ಲ ತಮ್ಮದಾಗುತ್ತದೆ. ಕೋಟು, ಗಡಿಯಾರ, ಟೀವಿ, ತಿಂಡಿ. ಬ್ಯಾಂಕಿನಿಂದ ನೋಟಿನ ಕಟ್ಟನ್ನೂ ಎತ್ತಿಕೊಳ್ಳುತ್ತಾರೆ, ಯಾವತ್ತಾದರೂ ಬೇಕಾಗಬಹುದು ಅಂತ. ಮೇಲಿನ ಗೋದಾಮನ್ನು ಚೆಂದದ ಮನೆ ಮಾಡಿಕೊಳ್ಳುತ್ತಾರೆ. ಆಮೇಲೆ? ಟೀವಿಯಲ್ಲಿ ಕಾರ್ಯಕ್ರಮ ಬರುವುದಿಲ್ಲ, ಆದರೂ ಅದರ ಮುಂದೆ ಕೂರುತ್ತಾರೆ. ಸ್ಟೀಫನ್ ಉಂಗುರ ಕೊಟ್ಟು ಮದುವೆಯ ಮಾತೆತ್ತುತ್ತಾನೆ. ಈಗ ಬೇಡ, ಅದು ನಿಜ ಅನ್ನಿಸುವುದಿಲ್ಲ ಅಂತ ಫ್ರಾನ್ ಹಿಂದಕ್ಕೆ ಕೊಡುತ್ತಾಳೆ. ಊಟದ ಮೇಜಿನ ಆಚೆ ಈಚೆ ಕೂತ ಆ ಇಬ್ಬರನ್ನು ನೋಡುವಾಗ, ಕೆಳಗೆ ಗಾಜಿಗೆ ಮೂಗೊತ್ತಿದವರೇ ವಾಸಿ ಅನ್ನಿಸುತ್ತದೆ. ಕೊನೆಗೆ ಬೈಕ್ ಗ್ಯಾಂಗ್ ಲೂಟಿಗೆ ನುಗ್ಗಿದಾಗ ಅಡಗಿ ಕೂತರೆ ಮುಗಿಯುತ್ತಿತ್ತು. ಸ್ಟೀಫನ್‌ಗೆ ತಡೆಯಲಾಗುವುದಿಲ್ಲ. ಇದು ನಮ್ಮದು, ನಾವು ಗೆದ್ದದ್ದು ಅಂತ ಗುಂಡು ಹಾರಿಸುತ್ತಾನೆ. ಅಂಗಡಿ ಅವನದ್ದಲ್ಲ. ಅವನ ಹತ್ತಿರ ಒಂದು ಬಿಲ್ಲೂ ಇಲ್ಲ.

ಫ್ರಾನ್ ಪಾತ್ರವನ್ನೂ ಬಾರ್ಬ್ರಾ ಜೊತೆ ಇಟ್ಟು ನೋಡಿ. ಹತ್ತು ವರ್ಷದಲ್ಲಿ ಸೋಫಾದ ಮೇಲೆ ಕಲ್ಲಾಗಿ ಕೂತವಳು, ಹೆಲಿಕಾಪ್ಟರ್ ಓಡಿಸುವುದನ್ನು ಕಲಿಸಿ ಅಂತ ಪಟ್ಟು ಹಿಡಿಯುವವಳಾಗಿದ್ದಾಳೆ. ಅವಳು ಬಸುರಿ. ಮಗು ಬೇಕೋ ಬೇಡವೋ ಅಂತ ಗಂಡಸರು ಅವಳನ್ನು ಬಿಟ್ಟು ತಮ್ಮಲ್ಲೇ ಮಾತಾಡಿಕೊಳ್ಳುವ ದೃಶ್ಯ ಈಗಲೂ ಚುರುಕ್ ಅನ್ನುತ್ತದೆ.

ಇದರಲ್ಲೂ ಮೂರು ಕಟ್ ಇವೆ, ಅಂದರೆ ಬೇರೆ ಬೇರೆ ಥರ ಕತ್ತರಿಸಿ ಜೋಡಿಸಿದ ಆವೃತ್ತಿಗಳು. ಅಮೆರಿಕದ ಥಿಯೇಟರಿನದು 127 ನಿಮಿಷ. ಇದು ರೊಮೆರೋ ಮೆಚ್ಚಿದ್ದು, ಇದನ್ನೇ ನೋಡಿ. ಯುರೋಪಿಗಾಗಿ ಇಟಲಿಯ ನಿರ್ದೇಶಕ ದಾರಿಯೋ ಅರ್ಜೆಂಟೋ ಕತ್ತರಿಸಿದ್ದು ಸುಮಾರು 119 ನಿಮಿಷ: ಗಾಬ್ಲಿನ್ ಬ್ಯಾಂಡಿನ ಸಂಗೀತ ಜಾಸ್ತಿ, ತಮಾಷೆ ಕಡಿಮೆ, ಓಟ ಜೋರು. ಮಾಲಿನ ಪೆದ್ದು ಪೆದ್ದು ಬ್ಯಾಂಡು ಸಂಗೀತ ಇಲ್ಲದೆ ನನಗೆ ಇದು ಸಪ್ಪೆ. 139 ನಿಮಿಷದ್ದು ಕಾನ್ ಚಿತ್ರೋತ್ಸವಕ್ಕೆಂದು ಅವಸರದಲ್ಲಿ ಜೋಡಿಸಿದ್ದು, ಎರಡನೇ ಸಲ ನೋಡುವವರಿಗೆ. 'ಡೈರೆಕ್ಟರ್ಸ್ ಕಟ್' ಅಂತ ಅದರ ಮೇಲೆ ಲೇಬಲ್ ಕಂಡರೆ ನಂಬಬೇಡಿ.

ಮೇಕಪ್ಪು ಟಾಮ್ ಸವೀನಿ ಅವರದ್ದು. ವಿಯೆಟ್ನಾಂ ಯುದ್ಧದಲ್ಲಿ ಸೈನ್ಯದ ಫೋಟೋಗ್ರಾಫರ್ ಆಗಿದ್ದವರು. ಹೆಣಗಳ ಬೂದು-ನೀಲಿ ಬಣ್ಣ, ಪೇಂಟಿನಂಥ ಕೆಂಪು ರಕ್ತ ಈಗ ನಾಟಕದ ಬಣ್ಣದ ಹಾಗೆ ಕಾಣುತ್ತದೆ. ಮೊದಲ ಅರ್ಧ ಗಂಟೆ ಮಾತ್ರ ನಗುವಂಥದ್ದಲ್ಲ. ಫಿಲಡೆಲ್ಫಿಯಾದ ಬಡವರ ಕಟ್ಟಡಕ್ಕೆ ಪೊಲೀಸರು ನುಗ್ಗುತ್ತಾರೆ. ಅಲ್ಲಿನ ಕಪ್ಪು ಮತ್ತು ಪೋರ್ಟೊರಿಕೋ ಜನ ತಮ್ಮ ಸತ್ತವರನ್ನು ಸರ್ಕಾರಕ್ಕೆ ಒಪ್ಪಿಸದೆ ಕೆಳಗಿನ ಕೋಣೆಯಲ್ಲಿ ಕೂಡಿಹಾಕಿ ಇಟ್ಟುಕೊಂಡಿದ್ದಾರೆ. ಸಾವಿಗೆ ಇನ್ನೂ ಮರ್ಯಾದೆ ಇದೆ ಅಂತ ನಂಬಿದವರು. ಆ ಕೋಣೆಯ ದೃಶ್ಯ ಇಡೀ ಸಿನಿಮಾದಲ್ಲೇ ಅತಿ ದುಃಖದ್ದು.

1985: ನೆಲದ ಕೆಳಗೆ

'ಡೇ' ಮೊದಲು ನೋಡಬೇಡಿ. ಊಟ ಮಾಡುತ್ತಾ ಅಂತೂ ಬೇಡವೇ ಬೇಡ.

ಭೂಮಿಯ ಕೆಳಗಿನ ಬಂಕರಿನಲ್ಲಿ ಹನ್ನೆರಡು ಮಂದಿ: ಸೈನಿಕರು, ವಿಜ್ಞಾನಿಗಳು, ಎರಡು ಗುಂಪಿಗೂ ಸೇರದ ಪೈಲಟ್ ಮತ್ತು ರೇಡಿಯೋದವನು. ಎಲ್ಲರೂ ಎಲ್ಲರ ಮೇಲೂ ಕಿರುಚುತ್ತಾರೆ. ಕ್ಯಾಪ್ಟನ್ ರೋಡ್ಸ್ ಬಂದೂಕು ತೋರಿಸಿ ಕೂರು ಅಂದರೆ ಕೂರಬೇಕು. ಹೇಳಬೇಕಾದ್ದನ್ನೆಲ್ಲ ಪಾತ್ರಗಳು ಬಾಯಿಬಿಟ್ಟು ಹೇಳುವುದು ಇಲ್ಲಿನ ದೋಷ. 1968ರಲ್ಲಿ ಒಂದು ನೋಟದಲ್ಲಿ ಮುಗಿದದ್ದಕ್ಕೆ ಇಲ್ಲಿ ಐದು ನಿಮಿಷದ ಮಾತು. ರಕ್ತ ಕಡಿಮೆ ಮಾಡಿದರೆ 70 ಲಕ್ಷ ಡಾಲರ್, ಇಲ್ಲದಿದ್ದರೆ ಅದರ ಅರ್ಧ ಅಂದಾಗ ರೊಮೆರೋ ಅರ್ಧವನ್ನೇ ಆರಿಸಿಕೊಂಡು ಕಥೆಯನ್ನು ಕುಗ್ಗಿಸಿದರು. ಅದು ಕಾಣುತ್ತದೆ. ರಕ್ತವೂ ಕಾಣುತ್ತದೆ.

ಆದರೂ ಇದನ್ನು ಬಿಡಬೇಡಿ ಅನ್ನುವುದು ಬಬ್ ಸಲುವಾಗಿ. ಬಬ್ ಒಂದು ಹೆಣ. ಡಾಕ್ಟರ್ ಲೋಗನ್ ಅದನ್ನು ಸರಪಳಿಯಲ್ಲಿ ಕಟ್ಟಿ ಪಾಠ ಹೇಳಿಕೊಡುತ್ತಾರೆ. ಕೈಗೆ ರೇಜರ್ ಕೊಟ್ಟರೆ ಕೆನ್ನೆಗೆ ಎಳೆದುಕೊಳ್ಳುತ್ತದೆ. ಕಿವಿಗೆ ಹೆಡ್‌ಫೋನ್ ಹಾಕಿದರೆ ಬೀಥೋವನ್ ಸಂಗೀತ ಕೇಳಿ ಮುಖ ಅರಳುತ್ತದೆ. ಕ್ಯಾಪ್ಟನ್ ಬಂದಾಗ ಎಲ್ಲಿಂದಲೋ ನೆನಪು ಬಂದು ಸೆಲ್ಯೂಟ್ ಹೊಡೆಯುತ್ತದೆ. ವಾಪಸ್ ಸೆಲ್ಯೂಟ್ ಮಾಡು ಅಂದರೆ ಕ್ಯಾಪ್ಟನ್ ಮಾಡುವುದಿಲ್ಲ. ಮೂರೂ ಸಿನಿಮಾದಲ್ಲಿ ಇದೊಂದೇ ಹೆಣಕ್ಕೆ ಪ್ರೀತಿಯಿಂದ ಹೆಸರಿಟ್ಟಿದ್ದಾರೆ. ಬಂಕರಿನಲ್ಲಿ ಮರ್ಯಾದೆ ಗೊತ್ತಿರುವುದೂ ಅದಕ್ಕೊಂದಕ್ಕೇ. ಷರ್ಮನ್ ಹೋವರ್ಡ್ ಮಾಡಿದ ಈ ಪಾತ್ರಕ್ಕೆ ಮಾತು ಇಲ್ಲ ಅನ್ನುವಷ್ಟು ಕಡಿಮೆ, ಹೆಚ್ಚುಪಾಲು ಗುರುಗುಟ್ಟುವುದೇ. ಕಣ್ಣು ನೋಡಿ.

ಶುರುವಿನ ಕೆಲವು ನಿಮಿಷಗಳೂ ಚೆನ್ನಾಗಿವೆ. ಫ್ಲಾರಿಡಾದ ಖಾಲಿ ಊರು, ಬೀದಿಯಲ್ಲಿ ಗಾಳಿಗೆ ತೂರಾಡುವ ನೋಟುಗಳು, ಮೆಟ್ಟಿಲ ಮೇಲೆ ಮೊಸಳೆ. ಹಿಂದಿನ ಸಿನಿಮಾದಲ್ಲಿ ಬ್ಯಾಂಕಿನಿಂದ ಜೋಪಾನವಾಗಿ ಎತ್ತಿಟ್ಟುಕೊಂಡ ನೋಟು ನೆನಪಿದ್ದರೆ ಇಲ್ಲಿ ನಗು ಬರುತ್ತದೆ. ಇದಕ್ಕೇ ಹೇಳಿದ್ದು, 'ಡೇ' ಮೊದಲು ಬೇಡ ಅಂತ; ಎರಡನೆಯದು ನೋಡಿಕೊಂಡು ಬನ್ನಿ.

ಹೊಸ ಆವೃತ್ತಿಗಳು

ಸವೀನಿ ಅವರೇ 1990ರಲ್ಲಿ 'ನೈಟ್' ಅನ್ನು ಬಣ್ಣದಲ್ಲಿ ಮತ್ತೆ ಮಾಡಿದರು, ರೊಮೆರೋ ಚಿತ್ರಕಥೆ. ಬಾರ್ಬರಾ ಇಲ್ಲಿ ಬಂದೂಕು ಹಿಡಿಯುತ್ತಾಳೆ. ಮೊದಲನೆಯದು ನೋಡಿದ ಮೇಲೆ ಹೋಲಿಸಲು ಚೆಂದ. 2004ರ 'ಡಾನ್', ಜ್ಯಾಕ್ ಸ್ನೈಡರ್ ಅವರದ್ದು, ಇದರಲ್ಲಿ ಹೆಣಗಳು ಓಡುತ್ತವೆ. ಮೊದಲ ಹತ್ತು ನಿಮಿಷ ಉಸಿರು ಬಿಗಿ ಹಿಡಿಸುತ್ತದೆ. ಆದರೆ ಹೆಣ ಓಡಲು ಶುರು ಮಾಡಿದರೆ ಒಳಗಿನವರಿಗೆ ಜಗಳ ಆಡಲು ಪುರುಸೊತ್ತೆಲ್ಲಿ? ಮಾಲ್ ಬರೀ ಕಟ್ಟಡವಾಗಿ ಉಳಿಯುತ್ತದೆ.

ಮಕ್ಕಳಿದ್ದರೆ ಯಾವುದೂ ಬೇಡ. 1968ರ ಅಕ್ಟೋಬರ್‌ನಲ್ಲಿ ಮೊದಲನೆಯದು ತೆರೆ ಕಂಡಾಗ ಅಮೆರಿಕದಲ್ಲಿ ವಯಸ್ಸಿನ ರೇಟಿಂಗ್ ಇನ್ನೂ ಬಂದಿರಲಿಲ್ಲ. ಮಧ್ಯಾಹ್ನದ ಆಟಕ್ಕೆ ಚಿಕ್ಕ ಮಕ್ಕಳು ಬಂದು, ಕೊನೆಗೆ ಸದ್ದಿಲ್ಲದೆ ಅಳುತ್ತಾ ಕೂತದ್ದನ್ನು ವಿಮರ್ಶಕ ರೋಜರ್ ಈಬರ್ಟ್ 1969ರ ಜನವರಿಯಲ್ಲಿ ಬರೆದಿದ್ದರು. ರಕ್ತ ಕಂಡರೆ ತಲೆ ಸುತ್ತುವ ದೊಡ್ಡವರಿಗೆ 1968ರದ್ದು ಆಗುತ್ತದೆ, ಉಳಿದೆರಡು ಆಗುವುದಿಲ್ಲ. ಒಬ್ಬರೇ ಇದ್ದರೆ, ರಾತ್ರಿಯಾಗಿದ್ದರೆ, ಮೊದಲನೆಯದು. ಗುಂಪಿದ್ದರೆ ಎರಡನೆಯದು. ಆಫೀಸಿನಲ್ಲಿ ಬಾಸ್ ಜೊತೆ ಜಗಳವಾಗಿ ಬಂದ ದಿನ ಮೂರನೆಯದು, ಕ್ಯಾಪ್ಟನ್ ರೋಡ್ಸ್ ಗತಿ ನೋಡಿ ಮನಸ್ಸು ಹಗುರವಾಗುತ್ತದೆ.

ಯಾವುದಾದರೂ ಸರಿ, ಸಬ್‌ಟೈಟಲ್ ಹಾಕಿಕೊಳ್ಳಿ. 'ಡಾನ್' ಶುರುವಾಗುವುದೇ ಟೀವಿ ಸ್ಟುಡಿಯೋದಲ್ಲಿ ಎಲ್ಲರೂ ಒಟ್ಟಿಗೆ ಕೂಗಾಡುವುದರಿಂದ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಕೇಳುವುದಿಲ್ಲ, ನಮಗೆ ಮೊದಲೇ ಕೇಳುವುದಿಲ್ಲ.